ರಾಜಲಾಂಛನವೂ ಜಿನಲಾಂಛನವೂ

‘ಲಾಂಛನ’ ಎಂಬ ಶಬ್ದಕ್ಕೆ ನಿಘಂಟುಗಳು ಎರಡು ಅರ್ಥಗಳನ್ನು ಕೊಡುತ್ತವೆ. ಗುರುತು, ಚಿಹ್ನೆ ಎಂಬುದು ಒಂದು. ಕಲೆ, ಕಳಂಕ ಎಂಬುದು ಇನ್ನೊಂದು. ಚಂದ್ರನ ಮೈಮೇಲಿನ ಕಪ್ಪು ಮಚ್ಚೆಗೂ ಅರಸನ ಮುದ್ರೆಯ ಮೇಲಿನ ಹುಲಿಗೂ ನಮ್ಮ ಪ್ರಾಚೀನರು ಒಂದೇ ಮಾತನ್ನು ಬಳಸಿದರು. ಇದು ಕೇವಲ ಶಬ್ದದ ಆಕಸ್ಮಿಕವಿರಬಹುದು. ಆದರೂ ಇದರಲ್ಲಿ ವಿಚಾರವಂತರು ಗಮನಿಸತಕ್ಕ ಒಂದು ತತ್ತ್ವ ಅಡಗಿದೆ. ಒಂದು ಮನೆತನ ತನ್ನ ಗುರುತೆಂದು ಧರಿಸಿದ ಚಿಹ್ನೆ ಅದಕ್ಕೆ ಭೂಷಣವೋ ಕಳಂಕವೋ ಎಂಬುದು ಆ ಚಿಹ್ನೆಯ ಹೆಸರಿನಲ್ಲಿ ನಡೆದ ಕಾರ್ಯಗಳಿಂದ ನಿರ್ಣಯವಾಗತಕ್ಕದ್ದು. ತುಂಗಭದ್ರೆಯ ದಂಡೆಯ ಹಂಪಿ, ಹೊಸಪೇಟೆ, ಕಂಪ್ಲಿ ಮತ್ತು ಅವುಗಳ ದಕ್ಷಿಣಕ್ಕೆ ಬೆಟ್ಟಗಳ ಮಡಿಲಲ್ಲಿರುವ ಸಂಡೂರು, ಈ ನಾಲ್ಕು ಊರುಗಳ ಇತಿಹಾಸವನ್ನು ಲಾಂಛನಗಳ ದೃಷ್ಟಿಯಿಂದ ನೋಡಿದರೆ ಈ ತತ್ತ್ವ ಸ್ಪಷ್ಟವಾಗುತ್ತದೆ.

ನಾಲ್ಕು ಭಾಗದ ಗುರಾಣಿ

ಯುರೋಪಿನ ಶ್ರೀಮಂತ ಮನೆತನಗಳಲ್ಲಿ 12ನೆಯ ಶತಮಾನದಿಂದೀಚೆಗೆ ಗುರಾಣಿಯ ಮೇಲೆ ವಂಶದ ಚಿಹ್ನೆಯನ್ನು ಬರೆಯಿಸುವ ಪದ್ಧತಿ ಬೇರೂರಿತು. ಶಿರಸ್ತ್ರಾಣದಿಂದ ಮುಖ ಮುಚ್ಚಿಕೊಂಡ ಯೋಧನನ್ನು ರಣಭೂಮಿಯಲ್ಲಿ ಗುರುತಿಸಲು ಅದು ನೆರವಾಗುತ್ತಿತ್ತು. ಕಾಲಕ್ರಮದಲ್ಲಿ ಅದು ತಂದೆಯಿಂದ ಮಗನಿಗೆ ಬರುವ ಆಸ್ತಿಯಾಯಿತು. ಎರಡು ರಾಜ್ಯಗಳು ಅಥವಾ ಎರಡು ಮನೆತನಗಳು ವಿವಾಹದಿಂದಲೋ ಉತ್ತರಾಧಿಕಾರದಿಂದಲೋ ಒಂದಾದಾಗ ಗುರಾಣಿಯನ್ನು ಅಡ್ಡಗೆರೆ, ಉದ್ದಗೆರೆಗಳಿಂದ ನಾಲ್ಕು ಭಾಗ ಮಾಡಿ ಇಬ್ಬರ ಚಿಹ್ನೆಗಳನ್ನೂ ಓರೆಯಾಗಿ ಎದುರುಬದುರು ಇರಿಸುತ್ತಿದ್ದರು. 1230ರಲ್ಲಿ ಸ್ಪೇನಿನ ಕ್ಯಾಸ್ಟೀಲ್ ಮತ್ತು ಲಿಯೋನ್ ರಾಜ್ಯಗಳು ಒಬ್ಬನೇ ಅರಸನ ಕೈಸೇರಿದಾಗ ಕ್ಯಾಸ್ಟೀಲಿನ ಕೋಟೆ ಎರಡು ಭಾಗಗಳಲ್ಲಿಯೂ ಲಿಯೋನಿನ ಸಿಂಹ ಉಳಿದೆರಡು ಭಾಗಗಳಲ್ಲಿಯೂ ನಿಂತವು. ಹೀಗೆ ನಾಲ್ಕು ಭಾಗದ ಗುರಾಣಿ ಒಂದು ವಂಶಾವಳಿಯ ಪತ್ರವಾಯಿತು. ಓದಬಲ್ಲವನಿಗೆ ಅದರಲ್ಲಿ ಯಾರ ಮಗಳು ಯಾರ ಮನೆ ಸೇರಿದಳು, ಯಾವ ನಾಡು ಯಾರ ಪಾಲಿಗೆ ಬಂತು ಎಂಬುದೆಲ್ಲ ತಿಳಿಯುತ್ತಿತ್ತು.

ಆದರೆ ಗುರಾಣಿ ಸುಳ್ಳನ್ನೂ ಹೇಳಬಲ್ಲದು. ಇಂಗ್ಲೆಂಡಿನ ಮೂರನೆಯ ಎಡ್ವರ್ಡನು ಫ್ರಾನ್ಸಿನ ಸಿಂಹಾಸನ ತನಗೆ ಸಲ್ಲತಕ್ಕದ್ದೆಂದು ವಾದಿಸಿ 1340ರಲ್ಲಿ ಆ ದೇಶದ ನೈದಿಲೆಯಂತಹ ಹೂವಿನ ಚಿಹ್ನೆಯನ್ನು ತನ್ನ ಗುರಾಣಿಯ ಭಾಗಗಳಲ್ಲಿ ಸೇರಿಸಿದನು. ಅದಕ್ಕಾಗಿ ತಲೆಮಾರುಗಳ ಕಾಲ ರಕ್ತ ಹರಿಯಿತು. ಗೆದ್ದ ನೆಲವೆಲ್ಲ ಕೈಬಿಟ್ಟು, ಕೊನೆಗೆ ಉಳಿದಿದ್ದ ಕ್ಯಾಲೆ ಪಟ್ಟಣವೂ 1558ರಲ್ಲಿ ಹೋಯಿತು. ಆದರೂ ಆ ಹೂವು ಇಂಗ್ಲಿಷ್ ಅರಸರ ಲಾಂಛನದಿಂದ ಮರೆಯಾದದ್ದು 1801ರಲ್ಲಿ. ಇಲ್ಲದ ರಾಜ್ಯವನ್ನು ಉಂಟೆಂದು ಎರಡು ಶತಮಾನಗಳಿಗೂ ಮಿಕ್ಕಿ ಮೆರೆಯಿಸಿದ ಆ ಚಿಹ್ನೆಯನ್ನು ಪರಿಗ್ರಹವೆನ್ನದೆ ಬೇರೇನೆನ್ನಬೇಕು? ವಸ್ತುವನ್ನು ಕೂಡಿಡುವುದಷ್ಟೇ ಪರಿಗ್ರಹವಲ್ಲ, ‘ಇದು ನನ್ನದು’ ಎಂಬ ಮೂರ್ಛೆಯೇ ಪರಿಗ್ರಹವೆಂದು ನಮ್ಮ ಆಚಾರ್ಯರು ಹೇಳಿರುವುದು ಇಲ್ಲಿ ನೆನಪಾಗುತ್ತದೆ.

ನಮ್ಮ ದೇಶದ ಅರಸರು ಇದಕ್ಕೆ ಹೊರತಾಗಿರಲಿಲ್ಲ. ಚೋಳರ ತಾಮ್ರಶಾಸನಗಳ ಮುದ್ರೆಯಲ್ಲಿ ಅವರ ಹುಲಿಯ ಪಕ್ಕದಲ್ಲಿ ಪಾಂಡ್ಯರ ಜೋಡಿಮೀನು ಮತ್ತು ಚೇರರ ಬಿಲ್ಲು ಕುಳಿತಿವೆ. ಇವು ಮದುವೆಯಿಂದ ಬಂದ ಚಿಹ್ನೆಗಳಲ್ಲ, ಸೋತವರಿಂದ ಕಿತ್ತುಕೊಂಡವು. 11ನೆಯ ಶತಮಾನದ ಮಧ್ಯಭಾಗದಲ್ಲಿ ರಾಜಾಧಿರಾಜ ಚೋಳನು ಕಲ್ಯಾಣದ ಚಾಲುಕ್ಯರ ಮೇಲೆ ದಂಡೆತ್ತಿ ಬಂದಾಗ ಕಂಪ್ಲಿಯಲ್ಲಿದ್ದ ಅವರ ಅರಮನೆಯನ್ನು ಕೆಡವಿಸಿದನು. ಚಾಲುಕ್ಯರ ನೆಲದಲ್ಲಿ ಹುಲಿಯ ಗುರುತಿನ ಜಯಸ್ತಂಭವನ್ನು ನೆಟ್ಟದ್ದನ್ನು ಅವನ ಶಾಸನಗಳು ಹೆಮ್ಮೆಯಿಂದ ಹೇಳಿಕೊಂಡಿವೆ. ಅದೇ ರಾಜಾಧಿರಾಜನು 1054ರ ಕೊಪ್ಪಂ ಯುದ್ಧದಲ್ಲಿ ಆನೆಯ ಮೇಲಿದ್ದಾಗಲೇ ಮಡಿದನು. ಈ ದಂಡಯಾತ್ರೆಗಳ ಇನ್ನೊಂದು ಮುಖ ಗಾವರವಾಡದ 1071–72ರ ಶಾಸನದಲ್ಲಿದೆ. ಚೋಳನು ತನ್ನ ಕುಲಧರ್ಮವನ್ನು ಬಿಟ್ಟು ಬೆಳ್ವೊಲ ನಾಡಿನ ಜಿನಾಲಯಗಳನ್ನು ಸುಟ್ಟನೆಂದೂ, ಆ ಪಾಪದ ಫಲವಾಗಿ ಯುದ್ಧದಲ್ಲಿ ತಲೆ ಕಳೆದುಕೊಂಡನೆಂದೂ, ಅನಂತರ ಅಣ್ಣಿಗೇರಿಯ ಬಸದಿ ಮತ್ತೆ ಊರ್ಜಿತವಾಯಿತೆಂದೂ ಅದು ತಿಳಿಸುತ್ತದೆ. ಜಯಸ್ತಂಭದ ಹುಲಿ ಚೋಳನ ದೃಷ್ಟಿಯಲ್ಲಿ ಲಾಂಛನ. ಬೆಳ್ವೊಲದ ಶ್ರಾವಕರ ದೃಷ್ಟಿಯಲ್ಲಿಯೂ ಅದು ಲಾಂಛನವೇ, ಎರಡನೆಯ ಅರ್ಥದಲ್ಲಿ.

ವರಾಹ, ಖಡ್ಗ, ಸೂರ್ಯ, ಚಂದ್ರ

ಕಂಪ್ಲಿಯಲ್ಲಿ ಅರಮನೆ ಕಳೆದುಕೊಂಡ ಚಾಲುಕ್ಯರ ಗುರುತು ವರಾಹ. ನಾರಾಯಣನ ಪ್ರಸಾದದಿಂದ ತಮಗೆ ಈ ಲಾಂಛನ ದೊರೆಯಿತೆಂದು ಬಾದಾಮಿಯ ಅರಸರ ಶಾಸನಗಳು ಹೇಳುತ್ತವೆ. ಅದೇ ಮನೆತನದ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು 634ರ ಐಹೊಳೆ ಶಾಸನದಲ್ಲಿ ಬರೆದವನು ಜೈನ ಕವಿ ರವಿಕೀರ್ತಿ. ಅದು ಕೆತ್ತಲ್ಪಟ್ಟದ್ದು ಅವನೇ ಕಟ್ಟಿಸಿದ ಮೇಗುತಿಯ ಜಿನಾಲಯದ ಗೋಡೆಯ ಮೇಲೆ. ಚಾಲುಕ್ಯರ ಬಳಿಕ ಕಾಕತೀಯರು ವರಾಹವನ್ನು ಧರಿಸಿದರು. ಅವರ ತರುವಾಯ ವಿಜಯನಗರದ ಅರಸರು ಅದನ್ನು ಕೈಗೊಂಡರು. ಗುರುತಿನ ಬಲ ಎಷ್ಟಿತ್ತೆಂದರೆ, ನಾಣ್ಯದ ಮೇಲೆ ಹನುಮಂತ, ಉಮಾಮಹೇಶ್ವರ, ಬಾಲಕೃಷ್ಣ ಮೊದಲಾದ ಬೇರೆ ಬೇರೆ ಚಿತ್ರಗಳು ಅಚ್ಚಾದಾಗಲೂ ಜನ ಆ ಹೊನ್ನನ್ನು ‘ವರಾಹ’ ಎಂದೇ ಕರೆದರು.

ಹಂಪಿಯಲ್ಲಿ ವರಾಹ ದೇವಾಲಯದ ದ್ವಾರದ ಗೋಡೆಯ ಮೇಲೆ ಈ ರಾಜಲಾಂಛನವನ್ನು ಇಂದಿಗೂ ಕಾಣಬಹುದು. ಅದರಲ್ಲಿ ನಾಲ್ಕು ಅಂಗಗಳಿವೆ: ವರಾಹ, ಅದರ ಮುಂದೆ ನೆಟ್ಟಗೆ ನಿಂತ ಖಡ್ಗ, ಮೇಲೆ ಸೂರ್ಯ ಮತ್ತು ಚಂದ್ರ. ಯುರೋಪಿನ ನಾಲ್ಕು ಭಾಗದ ಗುರಾಣಿ ಕಣ್ಣಿಗೆ ಇದನ್ನು ಹೋಲುವುದಾದರೂ ಅರ್ಥದಲ್ಲಿ ಬಹಳ ಅಂತರವಿದೆ. ಅಲ್ಲಿನ ನಾಲ್ಕು ಭಾಗಗಳು ನಾಲ್ಕು ಹಕ್ಕುಗಳನ್ನು ಸಾರುತ್ತವೆ. ಇಲ್ಲಿನ ನಾಲ್ಕು ಅಂಗಗಳಲ್ಲಿ ವರಾಹವು ಮುಳುಗಿದ ಭೂಮಿಯನ್ನು ಎತ್ತಿದ ಕಥೆಯನ್ನೂ, ಖಡ್ಗವು ಅದನ್ನು ಕಾಯುವ ಹೊಣೆಯನ್ನೂ ನೆನಪಿಸುತ್ತವೆ. ಇನ್ನು ಸೂರ್ಯಚಂದ್ರರು ಅರಸನ ಆಸ್ತಿಯಲ್ಲ, ಅವರು ಸಾಕ್ಷಿಗಳು. ನಮ್ಮ ನಾಡಿನ ಸಾವಿರಾರು ದಾನಶಾಸನಗಳ ತಲೆಯ ಮೇಲೆ ಕೆತ್ತಿರುವ ಸೂರ್ಯಚಂದ್ರರು ಕೊಟ್ಟ ಮಾತಿನ ಅವಧಿಯನ್ನು ಹೇಳುತ್ತಾರೆ: ಅವರಿರುವ ತನಕ ಈ ದಾನ ನಡೆಯತಕ್ಕದ್ದು. ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು ಇರುತ್ತದೆ. ಬಸದಿಗೆ ಬಿಟ್ಟ ದಾನವಾದರೆ ನಡುವೆ ಮುಕ್ಕೊಡೆಯ ಕೆಳಗೆ ಜಿನಬಿಂಬವಿರುತ್ತದೆ. ಶಾಸನದ ಕೊನೆಯಲ್ಲಿ ಬರುವ ಶಾಪಾಶಯವು, ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಅಪಹರಿಸಿದವನಿಗೆ ಒದಗುವ ಗತಿಯನ್ನು ಹೇಳಿ ಮುಗಿಯುತ್ತದೆ. ಓದು ಬಾರದ ರೈತನಿಗೂ ತಲೆಯ ಮೇಲಿನ ಚಿತ್ರಗಳಿಂದ ಕಲ್ಲಿನ ಅರ್ಥ ತಿಳಿಯುತ್ತಿತ್ತು.

ವಿಜಯನಗರದ ಅರಸರು ತಾಮ್ರಶಾಸನಗಳಿಗೆ ಹಾಕುತ್ತಿದ್ದ ಅಂಕಿತವನ್ನೂ ಇಲ್ಲಿ ಗಮನಿಸಬೇಕು. ಶಾಸನ ಸಂಸ್ಕೃತದಲ್ಲಿದ್ದರೂ ಕೊನೆಗೆ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುತ್ತದೆ. ಅರಸನು ತನ್ನ ಹೆಸರನ್ನು ಹಾಕದೆ ತಾನು ನಂಬಿದ ದೈವದ ಹೆಸರನ್ನು ಹಾಕುತ್ತಿದ್ದನು. ಮಾತು ಕೊಟ್ಟವನು ತಾನಾದರೂ ಅದಕ್ಕೆ ಒಡೆಯನು ತನಗಿಂತ ದೊಡ್ಡವನೆಂಬ ಭಾವ ಇದರಲ್ಲಿದೆ.

ಕಲಶ ಮತ್ತು ಪಂಚಮಹಾವಾದ್ಯ

ಈ ಸೂರ್ಯಚಂದ್ರರ ಸಾಕ್ಷ್ಯ ಬರಿಯ ಅಲಂಕಾರವಾಗಿರಲಿಲ್ಲವೆಂಬುದಕ್ಕೆ 1368ರ ಬುಕ್ಕರಾಯನ ಶಾಸನವೇ ನಿದರ್ಶನ. ಶ್ರವಣಬೆಳಗೊಳದಲ್ಲಿರುವ ಈ ಶಾಸನವನ್ನು ನಮ್ಮ ಸಮಾಜದವರು ಸರ್ವಧರ್ಮ ಸಮನ್ವಯದ ದಾಖಲೆಯೆಂದು ಬಲ್ಲರು. ಆದರೆ ವ್ಯಾಜ್ಯ ಹುಟ್ಟಿದ್ದು ಯಾವುದರ ಬಗ್ಗೆ ಎಂಬುದನ್ನು ಎಲ್ಲರೂ ಗಮನಿಸಿರಲಾರರು. ಅದು ಗೌರವಚಿಹ್ನೆಗಳ ವ್ಯಾಜ್ಯ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ ಉಂಟಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ಅರಸನಲ್ಲಿ ಮೊರೆಯಿಟ್ಟರು. (ಈ ಹೊಸಪಟ್ಟಣವನ್ನು ಇಂದಿನ ಹೊಸಪೇಟೆಯೆಂದು ಭಾವಿಸಬಾರದು, ಹೊಸಪೇಟೆ ಅನಂತರ ಕೃಷ್ಣದೇವರಾಯನ ಕಾಲದಲ್ಲಿ ಕಟ್ಟಿದ ಊರು.) ಜೈನ ದರ್ಶನಕ್ಕೆ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆಯೇ ಸಲ್ಲತಕ್ಕವೆಂದು ಬುಕ್ಕರಾಯನು ನಿರ್ಣಯಿಸಿದನು.

ನಿರ್ಣಯ ಇಷ್ಟಕ್ಕೇ ನಿಂತಿದ್ದರೆ ಅದು ಒಂದು ಪಕ್ಷದ ಗೆಲವಾಗುತ್ತಿತ್ತು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿದನು. ಜೈನರಿಗೆ ಆದ ಹಾನಿವೃದ್ಧಿಯನ್ನು ವೈಷ್ಣವರು ತಮ್ಮದೇ ಹಾನಿವೃದ್ಧಿಯೆಂದು ತಿಳಿಯಬೇಕೆಂದೂ, ಸೂರ್ಯಚಂದ್ರರಿರುವ ವರೆಗೆ ಜೈನ ದರ್ಶನವನ್ನು ಕಾಯಬೇಕೆಂದೂ ಕಟ್ಟಳೆಯಾಯಿತು. ಜೈನರು ಮನೆಗೊಂದು ಹಣದಂತೆ ಕೂಡಿಸಿ ಕೊಡಬೇಕು; ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಆಳುಗಳನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣಬಣ್ಣ ಮಾಡಿಸಬೇಕೆಂದು ಗೊತ್ತಾಯಿತು. ಗೌರವಚಿಹ್ನೆ ಒಬ್ಬರದು, ಅದನ್ನು ಕಾಯುವ ಹೊಣೆ ಇನ್ನೊಬ್ಬರದು. ಹಂಪಿಯ ಲಾಂಛನದಲ್ಲಿ ಖಡ್ಗದ ಮೇಲೆ ಸೂರ್ಯಚಂದ್ರರೇಕೆ ಇದ್ದಾರೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಾಗಿಲ್ಲ.

ಉಡದ ಮನೆತನ ಮತ್ತು ಗಂಡಭೇರುಂಡ

ಸಂಡೂರಿನ ಸ್ವಾಮಿಮಲೆಯ ಗುಡಿಗಳು ಚಾಲುಕ್ಯ–ರಾಷ್ಟ್ರಕೂಟರಷ್ಟು ಹಳೆಯವು. 18ನೆಯ ಶತಮಾನದ ಮೊದಲ ಭಾಗದಲ್ಲಿ ಆ ಕಣಿವೆ ಮರಾಠಾ ಮನೆತನವಾದ ಘೋರ್ಪಡೆಯವರ ಕೈಸೇರಿತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅದು ಕೈತಪ್ಪಿದರೂ ಮತ್ತೆ ಅವರಿಗೆ ಬಂದು, 1949ರಲ್ಲಿ ಭಾರತದ ಆಡಳಿತದಲ್ಲಿ ವಿಲೀನವಾಗುವ ತನಕ ಅವರ ಸಂಸ್ಥಾನವಾಗಿಯೇ ಉಳಿಯಿತು. ಮರಾಠಿಯಲ್ಲಿ ‘ಘೋರಪಡ’ ಎಂದರೆ ಉಡ. ವಂಶದ ಪೂರ್ವಿಕನೊಬ್ಬನು ಉಡದ ಮೈಗೆ ಹಗ್ಗ ಕಟ್ಟಿ ಬಿಟ್ಟು, ಅದು ಗೋಡೆಗೆ ಕಚ್ಚಿಕೊಂಡಾಗ ಹಗ್ಗ ಹಿಡಿದು ದುರ್ಗವನ್ನೇರಿದನೆಂಬುದು ಐತಿಹ್ಯ. ಕೋಟೆಯ ಹೆಸರಿನ ಕ್ಯಾಸ್ಟೀಲ್ ಕೋಟೆಯನ್ನೂ, ಸಿಂಹದ ಹೆಸರಿನ ಲಿಯೋನ್ ಸಿಂಹವನ್ನೂ ಗುರಾಣಿಯ ಮೇಲೆ ಬರೆಯಿಸಿದಂತೆ ಇಲ್ಲಿ ಮನೆತನದ ಹೆಸರೇ ಒಂದು ಲಾಂಛನವಾಗಿದೆ. ಉಡದ ಪಟ್ಟು ಎಂಬ ನಮ್ಮ ಮಾತೂ ಅದಕ್ಕೆ ಹೊಂದುತ್ತದೆ. ಆದರೆ ಈ ಮನೆತನಕ್ಕೆ ನಿಜವಾದ ಗೌರವ ತಂದದ್ದು ದುರ್ಗವನ್ನೇರಿದ ಕಥೆಯಲ್ಲ. 1930ರ ದಶಕದ ಆರಂಭದಲ್ಲಿ, ಬಹಳ ಸಂಸ್ಥಾನಗಳು ಹಿಂಜರಿಯುತ್ತಿದ್ದಾಗ, ಸಂಡೂರಿನ ಅರಸರು ಕುಮಾರಸ್ವಾಮಿ ದೇವಾಲಯದ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆಯಿಸಿದರು. ಗಾಂಧೀಜಿಯವರು ಅದನ್ನು ಮೆಚ್ಚಿಕೊಂಡರು. ಗೋಡೆಯನ್ನು ಹತ್ತಿದ ಮನೆತನವು ಬಾಗಿಲನ್ನು ತೆರೆದದ್ದೇ ಹೆಚ್ಚಿನದು.

ಯುರೋಪಿನ ಗುರಾಣಿ ಪದ್ಧತಿ ನಮ್ಮ ಸಂಸ್ಥಾನಗಳಿಗೆ ಆಡಳಿತದ ಮೂಲಕವೇ ಬಂತು. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸಿದ ದರ್ಬಾರಿನ ಸಂದರ್ಭದಲ್ಲಿ ಅರಸರಿಗೆ ಗುರಾಣಿಚಿಹ್ನೆಗಳುಳ್ಳ ರೇಷ್ಮೆಯ ಬಾವುಟಗಳನ್ನು ಕೊಡಲಾಯಿತು. ಅವುಗಳ ಚಿತ್ರಗಳನ್ನು ರಚಿಸಿದವನು ಬಂಗಾಳದ ಸಿವಿಲ್ ಸೇವೆಯ ಅಧಿಕಾರಿ ರಾಬರ್ಟ್ ಟೇಲರ್. ಶತಮಾನಗಳ ಲಾಂಛನವುಳ್ಳ ಮನೆತನಗಳೂ ಅಂದು ಅದನ್ನು ಮೇಲಿನವರ ಕೈಯಿಂದ ಪಡೆಯಬೇಕಾಯಿತು.

ಮೈಸೂರಿನ ಗುರಾಣಿಯ ಮೇಲಿದ್ದ ಗಂಡಭೇರುಂಡದ ಕಥೆಯೂ ಹಂಪಿಯನ್ನು ಹಾದುಹೋಗುತ್ತದೆ. 1047ರಲ್ಲಿ ಬಳ್ಳಿಗಾವೆಯಲ್ಲಿ ನಿಲ್ಲಿಸಿದ ಕಂಬದ ಮೇಲೆ ಅದರ ಮೂರ್ತಿಯಿದೆ. 1529ರಿಂದ 1542ರ ವರೆಗೆ ಆಳಿದ ಅಚ್ಯುತರಾಯನ ನಾಣ್ಯದಲ್ಲಿ ಅದು ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಆನೆಗಳನ್ನು ಹಿಡಿದುಕೊಂಡಿದೆ. ಕೆಳದಿಯವರೂ ಮೈಸೂರಿನವರೂ ಅದನ್ನು ಧರಿಸಿದರು. ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಅದು ಗುರಾಣಿಯ ನಡುವೆ ಇದೆ. ಆನೆಗಳು ಅದರ ಹಿಡಿತದಿಂದ ಬಿಡುಗಡೆ ಹೊಂದಿವೆ. ತಲೆಯ ಮೇಲೆ ಅಶೋಕನ ಸಿಂಹಶೀರ್ಷ, ಅಡಿಯಲ್ಲಿ ಸತ್ಯದ ಜಯವನ್ನು ಸಾರುವ ಉಪನಿಷದ್ವಾಕ್ಯ. ಸರ್ಕಾರಿ ಕಾಗದದ ಮೇಲೆ ಇದನ್ನು ನೋಡುವ ಪ್ರಜೆ, ಈ ಮುದ್ರೆಯ ಕೆಳಗೆ ಬರೆದಿರುವುದು ಸತ್ಯವಾಗಿದೆಯೇ ಎಂದು ಕೇಳುವ ಅಧಿಕಾರವನ್ನು ಈ ಲಾಂಛನದಿಂದಲೇ ಪಡೆದಿದ್ದಾನೆ.

ಜಿನನ ಲಾಂಛನ

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಜನರು ಗಾಣಗಿತ್ತಿ ಗುಡಿ ಎಂದು ಕರೆಯುವ ಜಿನಾಲಯವಿದೆ. ಅದರ ಮುಂದಿನ ದೀಪಸ್ತಂಭದ ಮೇಲಿರುವ ಶಕ 1307ರ (ಕ್ರಿ.ಶ. 1385–86) ಸಂಸ್ಕೃತ ಶಾಸನದ ಪ್ರಕಾರ ಅದು ಕುಂಥುನಾಥ ಚೈತ್ಯಾಲಯ. ಕಟ್ಟಿಸಿದವನು ಇಮ್ಮಡಿ ಹರಿಹರನ ದಂಡನಾಯಕನೂ ಸಿಂಹನಂದಿ ಆಚಾರ್ಯರ ಶಿಷ್ಯನೂ ‘ನಾನಾರ್ಥರತ್ನಮಾಲಾ’ ಎಂಬ ನಿಘಂಟಿನ ಕರ್ತೃವೂ ಆದ ಇರುಗಪ್ಪ. ಅದಾದ ನಾಲ್ಕು ದಶಕಗಳಿಗೆ, 1426ರಲ್ಲಿ, ಇಮ್ಮಡಿ ದೇವರಾಯನು ರಾಜಧಾನಿಯ ಪಾನ್‌ಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥನಿಗೆ ಶಿಲಾಮಯ ಚೈತ್ಯಾಲಯವನ್ನು ಕಟ್ಟಿಸಿದನು. ವರಾಹಲಾಂಛನದ ಅರಸರ ನಗರದಲ್ಲಿ ಹೀಗೆ ಆಡಿನ ಲಾಂಛನದ ಕುಂಥುನಾಥನೂ ಸರ್ಪಲಾಂಛನದ ಪಾರ್ಶ್ವನಾಥನೂ ನೆಲಸಿದರು.

ಕುಂಥುನಾಥನು ಹದಿನೇಳನೆಯ ತೀರ್ಥಂಕರ. ಅಷ್ಟೇ ಅಲ್ಲ, ಹನ್ನೆರಡು ಚಕ್ರವರ್ತಿಗಳಲ್ಲಿ ಆರನೆಯವನು. ಚಕ್ರರತ್ನವೇ ಮೊದಲಾದ ಹದಿನಾಲ್ಕು ರತ್ನಗಳನ್ನೂ ಷಟ್ಖಂಡ ಭೂಮಿಯನ್ನೂ ತೊರೆದವನು. ಅಂತಹವನ ಪೀಠದ ಮೇಲೆ ಗುರುತಾಗಿ ಉಳಿದದ್ದು ಚಕ್ರವಲ್ಲ, ಸಿಂಹವಲ್ಲ, ಒಂದು ಆಡು. ತೀರ್ಥಂಕರರ ಲಾಂಛನಗಳನ್ನು ಸಾಲಾಗಿ ನೆನೆದರೆ ಅವುಗಳಲ್ಲಿ ರಾಜರು ಬಯಸುವ ಆನೆ, ಸಿಂಹಗಳಿವೆ. ರಾಜರು ಬಯಸದ ಎಮ್ಮೆಕೋಣ, ಆಮೆ, ಆಡುಗಳೂ ಇವೆ. ವಿಮಲನಾಥನ ಪೀಠದ ಮೇಲೆ ಚಾಲುಕ್ಯರ ಅದೇ ವರಾಹವಿದೆ. ಆದರೆ ಅದು ಯಾರನ್ನೂ ಹೆದರಿಸುವುದಿಲ್ಲ. ಬಿಂಬಗಳೆಲ್ಲ ಒಂದೇ ಶಾಂತಮುದ್ರೆಯಲ್ಲಿರುವುದರಿಂದ ಭಕ್ತನು ಗುರುತಿಸಲೆಂದು ಮಾತ್ರ ಲಾಂಛನ ಬೇಕಾಯಿತು. ತೀರ್ಥಂಕರನಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ರಾಜಚಿಹ್ನೆಗಳನ್ನು ನಮ್ಮ ಪರಂಪರೆ ತಿರಸ್ಕರಿಸಲಿಲ್ಲ; ಅವುಗಳ ಅರ್ಥವನ್ನು ತಿರುಗಿಸಿತು. ಗಾಣಗಿತ್ತಿ ಗುಡಿಯ ಬಾಗಿಲುವಾಡದ ಮೇಲೆ ಜಿನನು ಮುಕ್ಕೊಡೆಯ ಕೆಳಗೆ ಚಾಮರಗಳ ನಡುವೆ ಕುಳಿತಿದ್ದಾನೆ. ಛತ್ರ, ಚಾಮರ, ಸಿಂಹಾಸನ, ದುಂದುಭಿಗಳು ಅಷ್ಟಪ್ರಾತಿಹಾರ್ಯಗಳಲ್ಲಿ ಸೇರಿವೆ. ಆದರೆ ಸಮವಸರಣದಲ್ಲಿ ಭಗವಂತನು ಸಿಂಹಾಸನವನ್ನು ಮುಟ್ಟದೆ ನಾಲ್ಕು ಅಂಗುಲ ಮೇಲೆ ನೆಲಸಿರುತ್ತಾನೆಂದು ಪುರಾಣಗಳು ಹೇಳುತ್ತವೆ. ಅಧಿಕಾರದ ಚಿಹ್ನೆಗಳ ನಡುವೆಯೇ ಇದ್ದು ಅವುಗಳಿಗೆ ಅಂಟದಿರುವ ಆ ನಾಲ್ಕು ಅಂಗುಲವೇ ಚಕ್ರವರ್ತಿಗೂ ತೀರ್ಥಂಕರನಿಗೂ ಇರುವ ಅಂತರ.

ಖಡ್ಗ ಹಿಡಿದ ಇರುಗಪ್ಪನು ಅಹಿಂಸೆಯ ದೇವನಿಗೆ ಗುಡಿ ಕಟ್ಟಿಸಿದ್ದರಲ್ಲಿ ವಿರೋಧವಿಲ್ಲವೇ ಎಂದು ಕೆಲವರು ಕೇಳಬಹುದು. ಸಂಕಲ್ಪಪೂರ್ವಕ ಹಿಂಸೆಯನ್ನು ಗೃಹಸ್ಥನೂ ಬಿಡಲೇಬೇಕೆಂದೂ, ಆಕ್ರಮಣವನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯನ್ನು ಅಣುವ್ರತಿಯು ಪೂರ್ಣವಾಗಿ ಬಿಡಲಾರನೆಂದೂ ಶ್ರಾವಕಾಚಾರದ ವಿವೇಚನೆಯಿದೆ. ಈ ರಿಯಾಯಿತಿ ಕಾಯುವವನಿಗೆ ಸಲ್ಲುತ್ತದೆ. ಅನ್ಯರ ಅರಮನೆ ಕೆಡವಿ ತನ್ನ ಕಂಬ ನೆಡುವವನಿಗೆ ಸಲ್ಲುವುದಿಲ್ಲ. ಕಂಪ್ಲಿಯ ಹೆಸರನ್ನೇ ಹೊತ್ತ ಕಂಪಿಲರಾಯನು ತನ್ನನ್ನು ಮರೆಹೊಕ್ಕ ಬಹಾವುದ್ದೀನ್ ಗುರ್ಶಾಸ್ಪನನ್ನು ದೆಹಲಿಯ ಸುಲ್ತಾನನಿಗೆ ಒಪ್ಪಿಸದೆ, ಅವನನ್ನು ಬೇರೆಡೆಗೆ ಕಳುಹಿಸಿ, 1327ರ ಸುಮಾರಿಗೆ ತಾನು ಹೋರಾಡಿ ಮಡಿದನು. ಧರ್ಮ ಬೇರೆಯಾದ ಶರಣಾಗತನಿಗಾಗಿ ರಾಜ್ಯವನ್ನೇ ತೆತ್ತ ಆ ಹೆಸರಿಗೆ ಲಾಂಛನದ ಹಂಗಿಲ್ಲ.

ವೃಷಭಾಚಲದ ಪಾಠ

ಭರತ ಚಕ್ರವರ್ತಿಯು ದಿಗ್ವಿಜಯ ಮುಗಿಸಿ ತನ್ನ ಹೆಸರನ್ನು ಕೆತ್ತಲು ವೃಷಭಾಚಲಕ್ಕೆ ಹೋದ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ತನ್ನಂತಹವನು ಬೇರೊಬ್ಬನಿಲ್ಲವೆಂದು ಬಗೆದವನಿಗೆ ಆ ಬೆಟ್ಟದ ಮೈಯೆಲ್ಲ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ತುಂಬಿದ್ದು ಕಂಡಿತು. ಜಾಗವಿಲ್ಲದೆ ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಯಿತು. ಅಳಿಸುವಾಗಲೇ ತನ್ನ ಹೆಸರಿಗೂ ಮುಂದೆ ಇದೇ ಗತಿಯೆಂಬುದು ಅವನಿಗೆ ಹೊಳೆಯಿತು, ಗರ್ವ ಇಳಿಯಿತು.

ಈ ಪಾಠ ಅರಸರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಇಂದು ನಮ್ಮಲ್ಲಿ ಅರಸರಿಲ್ಲ, ಲಾಂಛನಗಳು ಮಾತ್ರ ಹೆಚ್ಚಾಗಿವೆ. ಬಸದಿಗೊಂದು ಬೆಂಚು ಕೊಟ್ಟರೂ ಬೆನ್ನಿನ ಮೇಲೆ ಹೆಸರಿರಬೇಕು. ಜೀರ್ಣೋದ್ಧಾರವಾದ ಕಡೆಗಳಲ್ಲಿ ಹೊಸ ಅಮೃತಶಿಲೆಯ ಫಲಕ ಗೋಡೆಯ ನಡುವೆ ಹೊಳೆಯುತ್ತಿದ್ದರೆ, ಆ ದೇವರಿಗೆ ಮೊದಲು ಭೂಮಿ ಬಿಟ್ಟವರ ಶಾಸನ ಸುಣ್ಣದ ಪದರಗಳ ಕೆಳಗೆ ಉಸಿರುಗಟ್ಟಿರುವುದುಂಟು. ಹಳೆಯ ದಾನವನ್ನು ಪಾಲಿಸುವುದು ಹೊಸ ದಾನವನ್ನು ಮಾಡುವುದಕ್ಕಿಂತ ಮೇಲೆಂದು ಆ ಶಾಸನಗಳೇ ಸಾರುತ್ತವೆ. ಹಾಗಿರುವಾಗ, ಹೆಸರು ಬರೆಯಿಸುವ ಮೊದಲು ಅಲ್ಲಿ ಈಗಾಗಲೇ ಇರುವ ಹೆಸರನ್ನು ಓದಿಸುವುದು ದಾನಿಯ ಮೊದಲ ಕರ್ತವ್ಯವಾಗಬೇಕು.

1974–75ರಲ್ಲಿ ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ ಸಮಸ್ತ ಜೈನ ಪಂಗಡಗಳು ಒಪ್ಪಿಕೊಂಡ ಪ್ರತೀಕ ನಮ್ಮ ಕಾಗದಪತ್ರಗಳ ಮೇಲೆ ಇದೆ. ಲೋಕಾಕಾಶದ ಆಕೃತಿ, ಅದರೊಳಗೆ ಸಿದ್ಧಶಿಲೆ, ರತ್ನತ್ರಯದ ಮೂರು ಬಿಂದುಗಳು, ಸ್ವಸ್ತಿಕ, ಅಹಿಂಸೆಯ ಚಕ್ರವುಳ್ಳ ಎತ್ತಿದ ಹಸ್ತ. ಅಡಿಯಲ್ಲಿ ಜೀವಗಳು ಪರಸ್ಪರ ಉಪಕಾರಿಗಳೆಂಬ ತತ್ತ್ವಾರ್ಥಸೂತ್ರದ ಮಾತು. ಇದೂ ಹಲವು ಅಂಗಗಳ ಲಾಂಛನವೇ. ಇದರಲ್ಲಿ ಯಾವ ಪಂಗಡದ ಹಕ್ಕೂ ಇಲ್ಲ, ಯಾವ ಮನೆತನದ ಹೆಸರೂ ಇಲ್ಲ. ಆ ಎತ್ತಿದ ಕೈ ಅಭಯವನ್ನು ಕೊಡುತ್ತದೆ. ಜೊತೆಗೆ, ಕಾರ್ಯಕ್ಕೆ ಮೊದಲು ಕ್ಷಣಕಾಲ ನಿಲ್ಲು, ಯೋಚಿಸು ಎಂದೂ ಹೇಳುತ್ತದೆ. ಅದನ್ನು ಅಚ್ಚು ಹಾಕಿಸಿದ ಕಾಗದದ ಮೇಲೆ ವ್ಯಾಪಾರಿಯು ಬರೆಯುವ ಲೆಕ್ಕ, ಸಂಸ್ಥೆಯು ಕೊಡುವ ರಸೀತಿ, ಅಣ್ಣತಮ್ಮಂದಿರು ಮಾಡಿಕೊಳ್ಳುವ ಪಾಲುಪತ್ರ ಆ ಮಾತಿಗೆ ತಕ್ಕಂತಿದ್ದರೆ ಅದು ನಮಗೆ ಮೊದಲನೆಯ ಅರ್ಥದ ಲಾಂಛನವಾಗಿ ಉಳಿಯುತ್ತದೆ.